ತೆಂಗಿನೆಣ್ಣೆ ಅಡುಗೆಮನೆಯದ್ದು

ವಿಶಾಖಪಟ್ಟಣದ ದ್ವಾರಕಾ ನಗರದ ದೊಡ್ಡ ಅಂಗಡಿಗಳಲ್ಲಿ ತೆಂಗಿನೆಣ್ಣೆ ಎಲ್ಲಿದೆ ಎಂದು ಕೇಳಿದರೆ ಸಾಮಾನ್ಯವಾಗಿ ಎರಡು ಕಡೆ ಕೈ ತೋರಿಸುತ್ತಾರೆ. ಒಂದು, ಶ್ಯಾಂಪೂ, ಹೇರ್‌ಡೈ, ಬಾಚಣಿಗೆಗಳ ಸಾಲು. ಇನ್ನೊಂದು, ಚಿಯಾ ಬೀಜ, ಸೇಬಿನ ವಿನೆಗರ್, ಪ್ರೋಟೀನ್ ಪುಡಿಗಳ ಸಾಲು. ಮೊದಲನೆಯದು ಕೂದಲಿಗೆ, ಎರಡನೆಯದು ‘ಆರೋಗ್ಯ’ಕ್ಕೆ. ಶೇಂಗಾ ಎಣ್ಣೆ, ಎಳ್ಳೆಣ್ಣೆ, ಸೂರ್ಯಕಾಂತಿ, ಪಾಮೋಲಿನ್ ಇಟ್ಟಿರುವ ಅಡುಗೆ ಎಣ್ಣೆಯ ಸಾಲಿನಲ್ಲಿ ಅದಕ್ಕೆ ಜಾಗವಿಲ್ಲ.

ನನ್ನ ತಕರಾರು ಇಷ್ಟೇ: ತೆಂಗಿನೆಣ್ಣೆ ಆಹಾರ. ಅದನ್ನು ತಲೆಗೆ ಹಚ್ಚಿದರೆ ಬೇಡ ಎನ್ನುವವನು ನಾನಲ್ಲ. ಆದರೆ ಅದನ್ನು ಸೌಂದರ್ಯ ಸಾಧನವೆಂದು ಮಾರುವವರೂ, ದಿವ್ಯೌಷಧಿಯೆಂದು ಮಾರುವವರೂ ಸೇರಿ ಅದರ ಊಟದ ಹಕ್ಕನ್ನು ಕಸಿದಿದ್ದಾರೆ. ಅದಕ್ಕೆ ತಲೆಯಾಡಿಸಿ ದುಡ್ಡು ಕೊಡುತ್ತಿರುವವರು ನಾವು.

ಮೊದಲು ತೆಲುಗರ ಮೇಲೆ ತಪ್ಪು ಹೊರಿಸುವ ಚಾಳಿ ಬಿಡೋಣ. ಇಲ್ಲಿಂದ ಸುಮಾರು 200 ಕಿಲೋಮೀಟರ್ ದೂರದ ಕೋನಸೀಮೆ ತೆಂಗಿನ ನಾಡು. ಅಲ್ಲಿನ ಅಂಬಾಜಿಪೇಟೆ ತೆಂಗಿನ ವ್ಯಾಪಾರಕ್ಕೆ ಹೆಸರಾದ ಊರು, ತೆಂಗಿನ ಸಂಶೋಧನಾ ಕೇಂದ್ರವೂ ಅಲ್ಲಿದೆ. ಆ ಜನ ಕಾಯಿಯನ್ನು ಪಚ್ಚಡಿಗೆ ಹಾಕುತ್ತಾರೆ, ಎಣ್ಣೆಯನ್ನು ಬಾಣಲೆಗೆ ಹಾಕುವುದಿಲ್ಲ. ಅವರಿಗೆ ಎಳ್ಳೆಣ್ಣೆ, ಶೇಂಗಾ ಎಣ್ಣೆಯ ಘನವಾದ ಪರಂಪರೆ ಇದೆ. ನಮ್ಮಲ್ಲೂ ಹಳೆ ಮೈಸೂರು, ಉತ್ತರ ಕರ್ನಾಟಕದವರು ಹೆಚ್ಚಾಗಿ ಹಾಗೆಯೇ. ತೆಂಗಿನೆಣ್ಣೆಯಲ್ಲಿ ಅಡುಗೆ ಮಾಡಿ ಬೆಳೆದವರು ಕಾಸರಗೋಡು, ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡದ ನಾವು. ಬ್ಯಾಂಕು, ಬಂದರು, ಉಕ್ಕಿನ ಕಾರ್ಖಾನೆ, ಹೋಟೆಲು ಎಂದು ಊರು ಬಿಟ್ಟು ಬಂದವರು. ಬಂದಮೇಲೆ ‘ಇಲ್ಲಿ ಒಳ್ಳೆಯದು ಸಿಗುವುದಿಲ್ಲ’ ಎಂದು ಸೂರ್ಯಕಾಂತಿಗೆ ಒಗ್ಗಿಕೊಂಡವರೂ ನಾವೇ.

ಒಗ್ಗಿಕೊಂಡದ್ದರ ಫಲ ಮಕ್ಕಳಲ್ಲಿ ಕಾಣುತ್ತದೆ. ಸುಟ್ಟ ಬದನೆಕಾಯಿ ಗೊಜ್ಜಿನ ಮೇಲೆ ಒಂದು ಚಮಚ ಹಸಿ ಎಣ್ಣೆ ಬಿಟ್ಟರೆ ‘ತಲೆಎಣ್ಣೆ ವಾಸನೆ’ ಎಂದು ತಟ್ಟೆ ದೂಡುತ್ತಾರೆ. ಇದನ್ನು ನಮ್ಮ ಮನೆಯಲ್ಲೂ ಕೇಳಿದ್ದೇನೆ, ಪರಿಚಯದ ನಾಲ್ಕಾರು ಮನೆಗಳಲ್ಲೂ ಕೇಳಿದ್ದೇನೆ. ಮಕ್ಕಳದ್ದೇನು ತಪ್ಪು? ಆ ಪರಿಮಳವನ್ನು ಅವರು ಬಚ್ಚಲುಮನೆಯಲ್ಲಷ್ಟೇ ಕಂಡಿದ್ದಾರೆ. ಒಂದು ಊಟದ ಪರಿಮಳ ಒಂದೇ ತಲೆಮಾರಿನಲ್ಲಿ ಬಚ್ಚಲಿನ ವಾಸನೆಯಾಗಿ ಹೋಯಿತು. ನಾನು ಜಗಳಕ್ಕೆ ನಿಂತಿರುವುದು ಇದಕ್ಕಾಗಿ.

ತಲೆಎಣ್ಣೆಯ ಪಟ್ಟ ಕಟ್ಟುವುದರಲ್ಲಿ ಸರ್ಕಾರದ ಪಾಲೂ ಇದೆ. 2009ರ ಜೂನ್‌ನಲ್ಲಿ ಕೇಂದ್ರ ಅಬಕಾರಿ ಸುಂಕದವರು ಒಂದು ಸುತ್ತೋಲೆ ಹೊರಡಿಸಿದರು. 200 ಮಿಲಿಲೀಟರಿನವರೆಗಿನ ಚಿಕ್ಕ ಪೊಟ್ಟಣದ ತೆಂಗಿನೆಣ್ಣೆಯನ್ನು ತಲೆಎಣ್ಣೆ ಎಂದೇ ಪರಿಗಣಿಸಿ ಸುಂಕ ಹಾಕಬೇಕು ಎಂದಿತು ಅದು. ಒಳಗಿನ ಎಣ್ಣೆ ಅದೇ, ಗಿರಣಿ ಅದೇ. ಬಾಟಲಿ ಸಣ್ಣದಾದ ಮಾತ್ರಕ್ಕೆ ಊಟದ ವಸ್ತು ಕೂದಲಿನ ವಸ್ತುವಾಯಿತು! 2015ರಲ್ಲಿ ಸುತ್ತೋಲೆ ಹಿಂದಕ್ಕೆ ಹೋಯಿತು, ವ್ಯಾಜ್ಯ ಮುಗಿಯಲಿಲ್ಲ. 2018ರಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳಲ್ಲೇ ಒಮ್ಮತ ಬರಲಿಲ್ಲ: ರಂಜನ್ ಗೊಗೊಯ್ ಖಾದ್ಯ ತೈಲ ಎಂದರು, ಆರ್. ಭಾನುಮತಿ ತಲೆಎಣ್ಣೆ ಎಂದರು. ಕೊನೆಗೆ 2024ರ ಡಿಸೆಂಬರ್ 18ರಂದು ಮುಖ್ಯ ನ್ಯಾಯಮೂರ್ತಿ ಸಂಜೀವ್ ಖನ್ನಾ ನೇತೃತ್ವದ ಮೂವರ ಪೀಠ ತೀರ್ಪು ಕೊಟ್ಟಿತು. ಸಣ್ಣ ಪೊಟ್ಟಣದಲ್ಲಿದೆ ಎಂಬ ಕಾರಣಕ್ಕೆ ಶುದ್ಧ ತೆಂಗಿನೆಣ್ಣೆ ತಲೆಎಣ್ಣೆಯಾಗದು. ತಲೆಎಣ್ಣೆಯೆಂದು ಕಟ್ಟಿ, ಹಾಗೆಂದು ಬರೆದು ಮಾರಿದರೆ ಮಾತ್ರ ಅದು ತಲೆಎಣ್ಣೆ.

ಇದರ ಹಿಂದೆ ಇದ್ದದ್ದು ತೆರಿಗೆಯ ಅಂತರ. ಜಿಎಸ್‌ಟಿ ಬಂದಮೇಲೆ ಖಾದ್ಯ ತೈಲಕ್ಕೆ ಶೇ. 5, ತಲೆಎಣ್ಣೆಗೆ ಶೇ. 18. 2025ರ ಸೆಪ್ಟೆಂಬರ್ 22ರಿಂದ ತಲೆಎಣ್ಣೆಗೂ ಶೇ. 5 ಆಗಿ ಆ ಜಗಳದ ಬೇರೇ ಒಣಗಿತು. ಆದರೆ ಇಷ್ಟು ವರ್ಷ ಸರ್ಕಾರ ವಾದಿಸಿದ್ದೇನೆಂದು ಯೋಚಿಸಿ. ಚಿಕ್ಕ ಬಾಟಲಿ ಕೊಳ್ಳುವವರು ಅದನ್ನು ಉಣ್ಣುವುದಿಲ್ಲ ಎಂದು. ತಿಂಗಳ ಕೊನೆಯಲ್ಲಿ ನೂರು ಮಿಲಿ ಎಣ್ಣೆ ಕೊಂಡು ಒಗ್ಗರಣೆ ಹಾಕುವ ಬಡ ಸಂಸಾರ, ಒಂಟಿ ಕೋಣೆಯ ಹುಡುಗ, ಇವರ್ಯಾರೂ ಆ ಅಧಿಕಾರಿಗಳ ಕಣ್ಣಿಗೆ ಬೀಳಲಿಲ್ಲ. ಕೋರ್ಟು ಅದನ್ನು ಸರಿಪಡಿಸಿದೆ. ಅಂಗಡಿಯ ಸಾಲು ಸರಿಯಾಗಿಲ್ಲ.

ಇನ್ನು ಎರಡನೆಯ ಸಾಲಿಗೆ ಬರೋಣ. ಇಲ್ಲಿ ಎಣ್ಣೆಗೆ ಗಾಜಿನ ಬಾಟಲಿ, ಎರಡು ಮೂರು ಪಟ್ಟು ಬೆಲೆ, ಜೊತೆಗೊಂದು ಪುರಾಣ. ಬೆಳಗ್ಗೆ ಬರಿಹೊಟ್ಟೆಗೆ ಒಂದು ಚಮಚ ಕುಡಿದರೆ ಬೊಜ್ಜು ಕರಗುತ್ತದೆ, ಹೃದಯ ಗಟ್ಟಿಯಾಗುತ್ತದೆ, ಮರೆವು ಓಡಿಹೋಗುತ್ತದೆ ಎಂದು.

ತೆಂಗಿನೆಣ್ಣೆಯಲ್ಲಿ ಶೇ. 90ರಷ್ಟು ಸ್ಯಾಚುರೇಟೆಡ್ ಕೊಬ್ಬು. ಅದರಲ್ಲಿ ಸುಮಾರು ಅರ್ಧ ಲಾರಿಕ್ ಆಮ್ಲ. ಬೊಜ್ಜು ಕರಗಿಸುವ ಕಥೆ ಹುಟ್ಟಿದ್ದು ‘ಎಂಸಿಟಿ’ ಎಂಬ ಬೇರೆಯೇ ಎಣ್ಣೆಯ ಮೇಲಿನ ಪ್ರಯೋಗಗಳಿಂದ. ಅದರಲ್ಲಿರುವ ಚಿಕ್ಕ ಸರಪಣಿಯ ಕೊಬ್ಬಿನಾಮ್ಲಗಳು ನಮ್ಮ ಎಣ್ಣೆಯಲ್ಲಿ ಏಳನೇ ಒಂದು ಭಾಗದ ಆಸುಪಾಸು ಮಾತ್ರ. ಲಾರಿಕ್ ಆಮ್ಲವನ್ನು ದೇಹ ಬಹುಮಟ್ಟಿಗೆ ಉಳಿದ ಉದ್ದ ಸರಪಣಿಯ ಕೊಬ್ಬಿನಂತೆಯೇ ಹೀರಿಕೊಳ್ಳುತ್ತದೆ. ಒಂದರ ಗುಣವನ್ನು ಇನ್ನೊಂದರ ಬಾಟಲಿಗೆ ಅಂಟಿಸಿ ಮಾರುವುದಕ್ಕೆ ನಮ್ಮೂರಲ್ಲಿ ಬೇರೆ ಹೆಸರಿದೆ. 2020ರಲ್ಲಿ ‘ಸರ್ಕ್ಯುಲೇಶನ್’ ಪತ್ರಿಕೆಯಲ್ಲಿ 16 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ ವಿಶ್ಲೇಷಣೆ ಬಂತು. ಸೋಯಾ, ಸೂರ್ಯಕಾಂತಿಯಂಥ ಎಣ್ಣೆಗಳಿಗೆ ಹೋಲಿಸಿದರೆ ತೆಂಗಿನೆಣ್ಣೆ ಕೆಟ್ಟ ಕೊಲೆಸ್ಟರಾಲನ್ನು ಡೆಸಿಲೀಟರಿಗೆ ಸುಮಾರು 10 ಮಿಲಿಗ್ರಾಂ ಏರಿಸುತ್ತದೆ, ಒಳ್ಳೆಯ ಕೊಲೆಸ್ಟರಾಲನ್ನೂ ಸ್ವಲ್ಪ ಏರಿಸುತ್ತದೆ ಎಂದು ಅದು ಹೇಳಿತು. ಕುಡಿಯುವ ಔಷಧಿಗೆ ಇದು ಒಳ್ಳೆಯ ಶಿಫಾರಸು ಅಲ್ಲ.

ಇದರ ತಿರುಗುಮುರುಗು ಇನ್ನೊಂದು ಅತಿರೇಕ. 2018ರಲ್ಲಿ ಜರ್ಮನಿಯ ಫ್ರೈಬರ್ಗಿನಲ್ಲಿ ಪ್ರಾಧ್ಯಾಪಕಿಯೊಬ್ಬರು ಉಪನ್ಯಾಸ ಕೊಡುತ್ತಾ ಇದು ಅಪ್ಪಟ ವಿಷ ಎಂದುಬಿಟ್ಟರು. ಭಾರತದಿಂದ ಅಧಿಕೃತ ಪ್ರತಿಭಟನೆಯೂ ಹೋಯಿತು. ಔಷಧಿ ಎಂದವರೂ ವಿಷ ಎಂದವರೂ ಒಂದೇ ಕಡೆ ಎಡವಿದ್ದಾರೆ. ಇಬ್ಬರಿಗೂ ಅದು ಲೋಟದಲ್ಲಿರುವ ದ್ರವ. ಗೊಜ್ಜಿನ ಮೇಲೆ, ಗಂಜಿಯ ಜೊತೆ, ಅವಲಕ್ಕಿಯ ಒಳಗೆ ಅದನ್ನು ಕಂಡವರಲ್ಲ.

ನಮ್ಮ ಕಡೆಯ ಭಕ್ತರಿಗೂ ಒಂದು ಮಾತು ಹೇಳಬೇಕು. ‘ನಮ್ಮಜ್ಜಿ ತೊಂಬತ್ತು ವರ್ಷ ತೆಂಗಿನೆಣ್ಣೆ ತಿಂದು ಬದುಕಿದಳು’ ಎಂಬ ವಾದ ಬೇಡ. ಅಜ್ಜಿ ಎಣ್ಣೆಯನ್ನು ಚಮಚದಲ್ಲಿ ಅಳೆದು ಬಿಡುತ್ತಿದ್ದಳು, ಕೊಲೆಸ್ಟರಾಲಿನ ಹೆದರಿಕೆಯಿಂದಲ್ಲ, ಎಣ್ಣೆ ತುಟ್ಟಿ ಎಂದು. ಒಂದು ದೊಡ್ಡ ಚಮಚದಲ್ಲಿ ಸುಮಾರು 12 ಗ್ರಾಂ ಸ್ಯಾಚುರೇಟೆಡ್ ಕೊಬ್ಬು ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ ಹಿಡಿದರೆ 2,000 ಕ್ಯಾಲರಿ ಉಣ್ಣುವವರಿಗೆ ದಿನದ ಮಿತಿ ಸುಮಾರು 22 ಗ್ರಾಂ. ಹಾಲು, ತುಪ್ಪ, ಕಾಯಿತುರಿ ಎಲ್ಲ ಇದರೊಳಗೇ ಬರಬೇಕು. ಆದ್ದರಿಂದ ಇದು ಹದದಲ್ಲಿ ಉಣ್ಣುವ ವಸ್ತು. ಹದ ಎಂಬ ಮಾತು ಆಹಾರಕ್ಕೆ ಸಲ್ಲುತ್ತದೆ. ಔಷಧಿಗೂ ವಿಷಕ್ಕೂ ಇರುವುದು ಡೋಸು.

ಈಗ ‘ಹಸಿ’ ಎಂಬ ಪದ. ಅಡುಗೆಮನೆಯಲ್ಲಿ ಹಸಿ ಎಣ್ಣೆ ಎಂದರೆ ಕಾಯಿಸದೆ ಮೇಲಿಂದ ಬಿಡುವ ಎಣ್ಣೆ. ಅಂಗಡಿಯಲ್ಲಿ ಕಚ್ಚಾ, ವರ್ಜಿನ್, ಕೋಲ್ಡ್ ಪ್ರೆಸ್ಡ್, ಮರದ ಗಾಣ ಎಲ್ಲವನ್ನೂ ಒಂದೇ ಅರ್ಥದಲ್ಲಿ ಬಳಸುತ್ತಾರೆ. ಆದರೆ ವರ್ಜಿನ್ ಎಣ್ಣೆ ಬರುವುದು ಹಸಿ ಕಾಯಿಯಿಂದ, ಅದರ ಹಾಲಿನಿಂದ. ಗಾಣದ ಎಣ್ಣೆ ಬರುವುದು ಒಣಗಿದ ಕೊಬ್ಬರಿಯಿಂದ. ರುಚಿ ಬೇರೆ, ಖರ್ಚು ಬೇರೆ. ಇಲ್ಲಿ ತೆಲುಗು ನಮ್ಮ ನೆರವಿಗೆ ಬರುತ್ತದೆ. ಕನ್ನಡದಲ್ಲಿ ಕೊಬ್ಬರಿ ಎಂದರೆ ಒಣಗಿದ್ದೇ. ತೆಲುಗಿನಲ್ಲಿ ಹಸಿಯದ್ದು ‘ಪಚ್ಚಿ ಕೊಬ್ಬರಿ’, ಒಣಗಿದ್ದು ‘ಎಂಡು ಕೊಬ್ಬರಿ’. ಎಣ್ಣೆ ಪಚ್ಚಿ ಕೊಬ್ಬರಿಯದೋ, ಎಂಡು ಕೊಬ್ಬರಿಯದೋ ಎಂದು ಕೇಳಿ. ಉತ್ತರ ತಡವರಿಸಿದರೆ ಬಾಟಲಿ ಕೆಳಗಿಡಿ.

ಮರದ ಗಾಣ ಎಂಬ ಹಲಗೆ ನೋಡಿ ಕರಗಿಹೋಗುವವರಿಗೆ ಇನ್ನೊಂದು ಪ್ರಶ್ನೆ: ಗಾಣಕ್ಕೆ ಹಾಕಿದ ಕೊಬ್ಬರಿ ಎಂಥದ್ದು? ಕೊಬ್ಬರಿಯ ತೇವ ಶೇ. 6ರ ಆಸುಪಾಸಿಗೆ ಇಳಿಯುವಂತೆ ಒಣಗಿಸಬೇಕು. ಅರೆಬರೆ ಒಣಗಿದರೆ ಬೂಷ್ಟು ಹಿಡಿಯುತ್ತದೆ, ಬೂಷ್ಟಿನ ವಿಷವೂ ಸೇರುತ್ತದೆ. ಬೂಷ್ಟು ತಡೆಯಲು ಗಂಧಕದ ಹೊಗೆ ಕೊಡುವವರೂ ಇದ್ದಾರೆ. ರಿಫೈನ್ ಮಾಡುವವರು ಇಂಥ ಎಣ್ಣೆಯ ಬಣ್ಣ, ವಾಸನೆ, ಹುಳಿಯನ್ನು ತೊಳೆದು ತೆಗೆಯುತ್ತಾರೆ. ಹಸಿ ಎಣ್ಣೆಯಿಂದ ಯಾರೂ ಏನನ್ನೂ ತೆಗೆದಿಲ್ಲ. ಒಳ್ಳೆಯದನ್ನೂ ತೆಗೆದಿಲ್ಲ, ಕೆಟ್ಟದ್ದನ್ನೂ ತೆಗೆದಿಲ್ಲ. ಕಚ್ಚಾ ಎಣ್ಣೆ ತಾನಾಗಿಯೇ ಶುದ್ಧ ಎಂಬ ನಂಬಿಕೆ ಇದರಿಂದಲೇ ಸುಳ್ಳು. ಕೆಟ್ಟ ಕೊಬ್ಬರಿಯ ಹಸಿ ಎಣ್ಣೆಗಿಂತ ಸಾಧಾರಣ ರಿಫೈನ್ಡ್ ಎಣ್ಣೆ ಮೇಲು.

ಬೆಲೆಯ ಲೆಕ್ಕ ಕೈಬೆರಳಲ್ಲಿ ಹಾಕುವಷ್ಟು ಸುಲಭ. ಕೊಬ್ಬರಿಯಲ್ಲಿ ಶೇ. 60ರಿಂದ 65ರಷ್ಟು ಎಣ್ಣೆ. ಒಂದು ಲೀಟರಿಗೆ ಸುಮಾರು ಒಂದೂವರೆ ಕೆ.ಜಿ. ಕೊಬ್ಬರಿ, ಅಂದರೆ ಹತ್ತರ ಹತ್ತಿರ ತೆಂಗಿನಕಾಯಿ ಬೇಕು. 2025ರ ಹಂಗಾಮಿಗೆ ಎಣ್ಣೆ ತೆಗೆಯುವ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲಿಗೆ 11,582 ರೂಪಾಯಿ. (ತಿಪಟೂರಿನ ಉಂಡೆ ಕೊಬ್ಬರಿ ಮುಖ್ಯವಾಗಿ ತಿನ್ನುವ ಕೊಬ್ಬರಿ, ಅದರ ಬೆಲೆ ಬೇರೆ, 12,100.) ಬೆಂಬಲ ಬೆಲೆಯಲ್ಲೇ ಕೊಬ್ಬರಿ ಸಿಕ್ಕರೂ ಲೀಟರಿಗೆ ಸುಮಾರು 174 ರೂಪಾಯಿ ಕೊಬ್ಬರಿಗೇ ಹೋಯಿತು. ಹಿಂಡಿ ಮಾರಿದರೆ ಸ್ವಲ್ಪ ವಾಪಸು ಬರುತ್ತದೆ, ಗಾಣದ ಕೂಲಿ, ಬಾಟಲಿ, ಸಾಗಣೆಗೆ ಅದಕ್ಕಿಂತ ಹೆಚ್ಚು ಹೋಗುತ್ತದೆ. ಅದೇ ವರ್ಷ ಪೇಟೆಯ ಕೊಬ್ಬರಿ ಬೆಲೆ ಬೆಂಬಲ ಬೆಲೆಯ ಎರಡು ಪಟ್ಟಿನ ಆಚೆ ಹೋಯಿತು, ಕೇರಳದಲ್ಲಿ ಲೀಟರ್ ಎಣ್ಣೆ 400 ರೂಪಾಯಿ ದಾಟಿತು. ಅಂಥ ದಿನಗಳಲ್ಲಿ 200 ರೂಪಾಯಿಗೆ ‘ಗಾಣದ ಶುದ್ಧ ಎಣ್ಣೆ’ ಕೊಡುವವನು ದಾನಿಯೂ ಅಲ್ಲ, ಜಾದೂಗಾರನೂ ಅಲ್ಲ. ಅದೇ ರೀತಿ, ಒಣ ಕೊಬ್ಬರಿಯ ಎಣ್ಣೆಗೆ ಈ ಲೆಕ್ಕದ ಮೂರು ಪಟ್ಟು ಕೇಳುವವನು ಮಾರುತ್ತಿರುವುದು ಬಾಟಲಿಯನ್ನು.

ಕಲಬೆರಕೆ ಬರಿಯ ಅನುಮಾನವಲ್ಲ. 2018ರ ಮೇ ಕೊನೆಯಲ್ಲಿ ಕೇರಳದ ಆಹಾರ ಸುರಕ್ಷತಾ ಇಲಾಖೆ ಒಂದೇ ಸಲಕ್ಕೆ 45 ಬ್ರ್ಯಾಂಡುಗಳ ತೆಂಗಿನೆಣ್ಣೆಯನ್ನು ನಿಷೇಧಿಸಿತ್ತು. ಫ್ರಿಜ್ಜಿನಲ್ಲಿಟ್ಟು ಗಟ್ಟಿಯಾದರೆ ಶುದ್ಧ ಎಂದು ವಾಟ್ಸ್ಆ್ಯಪಿನಲ್ಲಿ ಓಡಾಡುವ ಪರೀಕ್ಷೆ ಅರ್ಧ ಸತ್ಯ. ಮೇಲೆ ತೆಳ್ಳಗೆ ತೇಲುವ ಬೇರೆ ಎಣ್ಣೆಯನ್ನು ಅದು ತೋರಿಸೀತು. ತಾಳೆಬೀಜದ ತಿರುಳಿನ ಎಣ್ಣೆಯಲ್ಲೂ ಲಾರಿಕ್ ಆಮ್ಲವೇ ಹೆಚ್ಚು, ಅದೂ ಗಟ್ಟಿಯಾಗುತ್ತದೆ. ಅದನ್ನು ಹಿಡಿಯಲು ಪ್ರಯೋಗಾಲಯವೇ ಬೇಕು. ತೆಂಗಿನೆಣ್ಣೆಯ ಅಯೋಡಿನ್ ಮೌಲ್ಯ 7.5ರಿಂದ 10ರೊಳಗಿರಬೇಕು, ಆ ಎಣ್ಣೆಯದ್ದು 14ರ ಮೇಲೆ. ತೆಂಗಿನೆಣ್ಣೆ 24 ಡಿಗ್ರಿಯ ಆಸುಪಾಸಿನಲ್ಲಿ ಹೆಪ್ಪುಗಟ್ಟುತ್ತದೆ. ವಿಶಾಖಪಟ್ಟಣದ ಜನವರಿಯ ಬೆಳಗಿಗೆ ಅದು ಬಾಟಲಿಯಲ್ಲಿ ಗಟ್ಟಿಯಾದರೆ ಗಾಬರಿಯೂ ಬೇಡ, ಸಂಭ್ರಮವೂ ಬೇಡ.

ಹಾಗಾದರೆ ಕೊಳ್ಳುವುದು ಹೇಗೆ? 14 ಅಂಕಿಯ ಆಹಾರ ಪರವಾನಗಿ ಸಂಖ್ಯೆ, ಎಣ್ಣೆ ತೆಗೆದ ಅಥವಾ ತುಂಬಿದ ತಾರೀಕು, ‘ಖಾದ್ಯ’ ಎಂಬ ಮಾತು ಚೀಟಿಯಲ್ಲಿದೆಯೇ ನೋಡಿ. ಕ್ಯಾನಿನಿಂದ ಬಿಡಿಯಾಗಿ ಸುರಿದು ಕೊಡುವುದು ಊರಿನ ನೆನಪು ತರಬಹುದು. ಆದರೆ ರಾಜ್ಯ ಸರ್ಕಾರದ ವಿನಾಯಿತಿ ಇಲ್ಲದೆ ಖಾದ್ಯ ತೈಲವನ್ನು ಬಿಡಿಯಾಗಿ ಮಾರುವಂತಿಲ್ಲ, ಕೆಟ್ಟರೆ ಕೇಳಲು ನಿಮ್ಮ ಕೈಯಲ್ಲಿ ಹೆಸರೂ ತಾರೀಕೂ ಇರುವುದಿಲ್ಲ. ಒಂದೆರಡು ತಿಂಗಳಿಗೆ ಆಗುವಷ್ಟೇ ತನ್ನಿ. ಒಲೆಯ ಪಕ್ಕ ಇಡಬೇಡಿ, ಒದ್ದೆ ಚಮಚ ಅದ್ದಬೇಡಿ. ಕಮಟು ವಾಸನೆ ಬಂದರೆ ದೀಪಕ್ಕೆ ಬಿಡಿ.

ಬಳಸುವುದು ಇನ್ನೂ ಸುಲಭ. ಹಸಿ ಎಣ್ಣೆ ಸುಮಾರು 175 ಡಿಗ್ರಿಗೆ ಹೊಗೆಯಾಡುತ್ತದೆ. ದುಬಾರಿ ಎಣ್ಣೆಯ ಪರಿಮಳವನ್ನು ಪೂರಿ ಕರಿದು ಸುಡುವುದರಲ್ಲಿ ಅರ್ಥವಿಲ್ಲ. ತೆಳು ಅವಲಕ್ಕಿಗೆ ಕಾಯಿತುರಿ, ಸಾರಿನಪುಡಿ, ಚೂರು ಬೆಲ್ಲ ಸೇರಿಸಿ ಕಲಸುವಾಗ ಒಂದು ಚಮಚ. ಬೇಯಿಸಿದ ಪಲ್ಯ ಇಳಿಸಿದಮೇಲೆ ಅರ್ಧ ಚಮಚ. ಕುಚ್ಚಲಕ್ಕಿ ಗಂಜಿಯ ಪಕ್ಕ ಸುಟ್ಟ ಹಪ್ಪಳಕ್ಕೆ ಸವರಿದಷ್ಟು. ಹೀಗೆ ಬಳಸಿದರೆ ಹೃದಯಕ್ಕೂ ಪರ್ಸಿಗೂ ತಡೆದುಕೊಳ್ಳುವಷ್ಟೇ ಎಣ್ಣೆ ಹೋಗುತ್ತದೆ.

ಅಂಗಡಿಯವರನ್ನು ಒಂದು ಮಾತು ಕೇಳಿ: ಅಡುಗೆ ಎಣ್ಣೆಯ ಸಾಲಿನಲ್ಲಿ ಇದನ್ನೂ ಇಡಿ ಎಂದು. ಹತ್ತು ಗಿರಾಕಿಗಳು ಕೇಳಿದರೆ ಇಡುತ್ತಾರೆ, ಅವರಿಗೆ ಬೇಕಾದ್ದು ವ್ಯಾಪಾರ. ಮನೆಯಲ್ಲಿ ತಲೆಗೆ ಹಚ್ಚುವ ಬಾಟಲಿ ಬಚ್ಚಲಲ್ಲೇ ಇರಲಿ, ಊಟದ್ದು ಬೇರೆ ಇರಲಿ, ಉಪ್ಪಿನ ಮರಿಗೆಯ ಪಕ್ಕ, ಮಕ್ಕಳ ಕೈಗೆಟುಕುವ ಹಾಗೆ. ಗೊಜ್ಜಿಗೆ ಅವರೇ ಬಿಟ್ಟುಕೊಳ್ಳಲಿ. ವಾಸನೆಗೆ ಸರಿಯಾದ ಹೆಸರು ಅವರಿಗೆ ತಿಳಿಯಬೇಕಾದ್ದು ಹಾಗೆಯೇ.