ಫಲ ಯಾರ ಪಾಲಿಗೆ?

ಮ್ಯಾನೇಜ್‌ಮೆಂಟ್ ಕಾಲೇಜುಗಳಲ್ಲಿ ಈಗ ಗೀತೆಯ ಪಾಠ ಜೋರಾಗಿದೆ. ಕೃಷ್ಣ ದೊಡ್ಡ ಮ್ಯಾನೇಜರಂತೆ, ಅರ್ಜುನ ಧೈರ್ಯಗೆಟ್ಟ ನೌಕರನಂತೆ, ಕುರುಕ್ಷೇತ್ರವೇ ಮಾರುಕಟ್ಟೆಯಂತೆ! ನಮ್ಮ ಹಾಸ್ಟೆಲಿನಿಂದ ಹೋದ ಹುಡುಗ ಹುಡುಗಿಯರೂ ಇದನ್ನೇ ಉರುಹೊಡೆದು ಪರೀಕ್ಷೆ ಬರೀತಿದ್ದಾರೆ. ಗೆಳೆಯರೇ, ಓದಬೇಡಿ ಅಂತ ನಾವು ಹೇಳೋದಿಲ್ಲ. ಪೂರ್ತಿ ಓದಿ ಅಂತೀವಿ.

ಇವರಿಗೆ ಬಲು ಪ್ರಿಯವಾದದ್ದು ಎರಡನೇ ಅಧ್ಯಾಯದ 47ನೇ ಶ್ಲೋಕ. ಕೆಲಸ ನಿನ್ನದು, ಫಲದ ಮೇಲೆ ಹಕ್ಕು ನಿನ್ನದಲ್ಲ ಎನ್ನುವ ಮಾತು. ಫಲದ ಚಿಂತೆಯಲ್ಲಿ ಕೆಲಸ ಕೆಡಿಸಬೇಡ ಅಂತಷ್ಟೇ ಇದರ ಅರ್ಥ ಎನ್ನುತ್ತಾರೆ ಮೇಷ್ಟ್ರುಗಳು. ಇರಲಿ. ಪರೀಕ್ಷೆಗೆ ಕೂತವನಿಗೆ ಈ ಮಾತು ಒಳ್ಳೆಯದೇ. ಆದರೆ ಕೂಲಿ ಕೊಡಬೇಕಾದವನೇ ಕೂಲಿ ಮಾಡಿದವನಿಗೆ ಇದನ್ನು ಹೇಳಿದರೆ? ನಮ್ಮ ಅಪ್ಪಂದಿರು, ತಾತಂದಿರು ಫಲ ಕೇಳದೆಯೇ ಜೀತ ಮಾಡಿದರು. ಫಲವೆಲ್ಲ ಗೌಡನ ಕಣಜ ಸೇರಿತು. ಲಾಭ ಕೇಳಬೇಡ ಅಂತ ಷೇರುದಾರನಿಗೆ ಗೀತೆ ಓದಿದವರುಂಟಾ?

ಪಾಠದಲ್ಲಿ ಹಾರಿಸಿಬಿಡುವ ಶ್ಲೋಕಗಳೂ ಇವೆ. ನಾಲ್ಕನೇ ಅಧ್ಯಾಯದ 13ರಲ್ಲಿ ನಾಲ್ಕು ವರ್ಣ ಮಾಡಿದ್ದು ನಾನೇ ಎನ್ನುತ್ತಾನೆ ಕೃಷ್ಣ. ಅದು ಗುಣಕರ್ಮ ನೋಡಿ, ಹುಟ್ಟು ನೋಡಿ ಅಲ್ಲ ಎಂದು ವಾದಿಸುವವರಿದ್ದಾರೆ. ಹಾಗಾದರೆ 18ನೇ ಅಧ್ಯಾಯದ 44ರಲ್ಲಿ ಸೇವೆಯೇ ಶೂದ್ರನ ಸ್ವಭಾವದ ಕೆಲಸ ಅಂತ ಯಾಕಿದೆ? ಮೂರನೇ ಅಧ್ಯಾಯದ 35ರಲ್ಲಿ ತನ್ನ ಧರ್ಮದಲ್ಲಿ ಸಾಯುವುದೇ ಮೇಲು, ಪರಧರ್ಮ ಭಯಂಕರ ಅಂತ ಯಾಕಿದೆ? ಪೊರಕೆ ಹಿಡಿದವನ ಮಗನೂ ಪೊರಕೆಯನ್ನೇ ಹಿಡಿಯಲಿ ಅಂತ ಊರು ಇದನ್ನು ಓದಿಕೊಂಡಿತು. ನಾವಂತೂ ಆ ನಾಲ್ಕರ ಲೆಕ್ಕದಲ್ಲೇ ಇಲ್ಲ. ಮಲ ಬಾಚಿಸುವುದನ್ನು ಕಾನೂನು 1993ರಲ್ಲಿ ನಿಷೇಧಿಸಿತು, 2013ರಲ್ಲಿ ಮತ್ತೆ ನಿಷೇಧಿಸಿತು. ಆದರೂ ಮ್ಯಾನ್‌ಹೋಲಿಗಿಳಿದು ಸಾಯುತ್ತಿರುವವರು ಯಾರ ಮಕ್ಕಳು?

ನಾಯಕತ್ವ ಕಲಿಯಬೇಕೇ? ಬಾಬಾಸಾಹೇಬರನ್ನು ನೋಡಿ. 1927ರ ಮಾರ್ಚ್ 20ರಂದು ಮಹಾಡದ ಚೌದಾರ್ ಕೆರೆಗೆ ಜನರ ಜೊತೆ ನಡೆದುಹೋಗಿ ತಾವೇ ನೀರು ಕುಡಿದರು. ರಥದಲ್ಲಿ ಕೂತು ಉಪದೇಶ ಮಾಡಲಿಲ್ಲ. ವೈಸರಾಯ್ ಕೌನ್ಸಿಲಿನ ಕಾರ್ಮಿಕ ಸದಸ್ಯರಾಗಿದ್ದಾಗ, 1946ರಲ್ಲಿ, ಕಾರ್ಖಾನೆಯ ದುಡಿಮೆಯನ್ನು ವಾರಕ್ಕೆ 54ರಿಂದ 48 ಗಂಟೆಗೆ ಇಳಿಸುವ ಮಸೂದೆ ಮಂಡಿಸಿದರು. ದುಡಿದವನಿಗೆ ಫಲದ ಮೇಲೆ ಹಕ್ಕಿದೆ ಅಂತ ತೋರಿಸಿಕೊಟ್ಟದ್ದು ಹೀಗೆ.

ನಾಳೆ ಕ್ಲಾಸಿನಲ್ಲಿ ಆ ರಥದ ಚಿತ್ರ ತೋರಿಸುತ್ತಾರೆ. ಒಬ್ಬನ ಕೈಲಿ ಲಗಾಮು, ಒಬ್ಬನ ಕೈಲಿ ಬಿಲ್ಲು. ಎದ್ದು ನಿಂತು ಕೇಳಿ: ಸಾರ್, ಆ ಕುದುರೆಗಳ ಲದ್ದಿ ಬಾಚಿದವರು ಎಲ್ಲಿ? ಅವರಿಗೆ ಸಂಬಳ ಎಷ್ಟು?

ಜೈಭೀಮ್.