ಇಪ್ಪತ್ತೆಂಟು ದಿನದ ತಿಂಗಳು ಯಾವ ಪಂಚಾಂಗದಲ್ಲಿದೆ?

ಓದುಗರಿಗೆ ಒಂದು ಸಣ್ಣ ಲೆಕ್ಕ. 299 ರೂ. ರೀಚಾರ್ಜ್ ಅಗ್ಗವೋ, 319 ರೂ. ರೀಚಾರ್ಜ್ ಅಗ್ಗವೋ? ಎರಡರಲ್ಲೂ ದಿನಕ್ಕೆ ಒಂದೂವರೆ ಜಿಬಿ ಡೇಟಾ, ಎರಡರಲ್ಲೂ ಬೇಕಾದಷ್ಟು ಮಾತು. ದುರ್ಗಿಗುಡಿಯ ಯಾವ ಮೊಬೈಲ್ ಅಂಗಡಿ ಮುಂದೆ ನಿಂತು ಕೇಳಿದರೂ 299 ಅಂತಲೇ ಉತ್ತರ ಬಂದೀತು. ಇಪ್ಪತ್ತು ರೂಪಾಯಿ ಉಳೀತಲ್ಲ ಸ್ವಾಮಿ, ಇದರಲ್ಲಿ ತಲೆ ಕೆಡಿಸಿಕೊಳ್ಳೋದೇನಿದೆ?

ಇದೆ. ಇವೆರಡೂ ಜಿಯೋ ಕಂಪನಿ 2024ರ ಜುಲೈ ಏರಿಕೆಯಲ್ಲಿ ಗೊತ್ತುಮಾಡಿದ ದರಗಳು. 299ರದ್ದು 28 ದಿನಕ್ಕೆ ಮುಗಿಯುತ್ತದೆ. 319ರದ್ದು ಪೂರಾ ಒಂದು ತಿಂಗಳು. ಈ ತಿಂಗಳು ಐದನೇ ತಾರೀಖು ಹಾಕಿಸಿದರೆ ಮುಂದಿನ ತಿಂಗಳು ಐದಕ್ಕೇ ಮತ್ತೆ. 28 ದಿನದ ಲೆಕ್ಕದಲ್ಲಿ ವರ್ಷಕ್ಕೆ ಹದಿಮೂರು ಸಲ ರೀಚಾರ್ಜ್ ಬೀಳುತ್ತದೆ: 3,887 ರೂ. ತಿಂಗಳ ಲೆಕ್ಕದಲ್ಲಿ ಹನ್ನೆರಡೇ ಸಲ: 3,828 ರೂ. ಇಪ್ಪತ್ತು ರೂಪಾಯಿ ಜಾಸ್ತಿ ಅನ್ನಿಸಿದ್ದೇ ವರ್ಷದ ಕೊನೆಗೆ 59 ರೂ. ಕಡಿಮೆ. ನಮ್ಮ ಪಂಚಾಂಗದಲ್ಲಿ ಅಧಿಕಮಾಸ ಬರುವುದು ಸುಮಾರು ಮೂರು ವರ್ಷಕ್ಕೊಮ್ಮೆ. ಮೊಬೈಲ್ ಕಂಪನಿಗಳ ಪಂಚಾಂಗದಲ್ಲಿ ಪ್ರತಿ ವರ್ಷವೂ ಅಧಿಕಮಾಸವೇ.

ಇದು ಸರ್ಕಾರಕ್ಕೆ ಗೊತ್ತಿಲ್ಲದ ಸಂಗತಿಯೇನಲ್ಲ. ಟ್ರಾಯ್ ಎಂಬ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ 2022ರ ಜನವರಿಯಲ್ಲೇ ಆದೇಶ ಹೊರಡಿಸಿತು. ಪ್ರತಿ ಕಂಪನಿಯೂ 30 ದಿನದ ಪ್ಯಾಕು ಇಡಬೇಕು, ಪ್ರತಿ ತಿಂಗಳೂ ಅದೇ ತಾರೀಖಿಗೆ ಹಾಕಿಸುವಂಥದ್ದನ್ನೂ ಇಡಬೇಕು ಎಂದಿತು. ಇಟ್ಟರು. ಆದರೆ ಇಟ್ಟಿದ್ದನ್ನು ತೋರಿಸಬೇಕೆಂದು ಎಲ್ಲಿದೆ? ಅಂಗಡಿ ಗೋಡೆಯ ಪೋಸ್ಟರಿನಲ್ಲಿ ದಪ್ಪ ಅಕ್ಷರದಲ್ಲಿ ಮೆರೆಯುವುದು 28ರದ್ದೇ. ಬಾಯಿಬಿಟ್ಟು ಕೇಳಿದವನಿಗೆ ಮಾತ್ರ ಇನ್ನೊಂದು.

ಹೀಗೆಂದರೆ ಕಂಪನಿಯವರ ಬಳಿ ಒಂದು ಸಿದ್ಧ ಉತ್ತರವಿದೆ. ಪ್ರಪಂಚದಲ್ಲೇ ಡೇಟಾ ಅತಿ ಅಗ್ಗವಾಗಿರುವ ದೇಶಗಳಲ್ಲಿ ನಮ್ಮದೂ ಒಂದು ಎಂಬುದು. ಮಾತು ಸುಳ್ಳಲ್ಲ. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬರುವ ಮುಂಚೆ ಒಂದು ಜಿಬಿಗೆ ಇನ್ನೂರು ಇನ್ನೂರೈವತ್ತು ತೆರುತ್ತಿದ್ದೆವು, ಅದನ್ನೇ ತಿಂಗಳಿಡೀ ಅಳೆದು ಸುರಿದು ಉಪಯೋಗಿಸುತ್ತಿದ್ದೆವು. ಈಗ 299ಕ್ಕೆ 42 ಜಿಬಿ, ಅಂದರೆ ಒಂದಕ್ಕೆ ಏಳು ರೂಪಾಯಿ ಚಿಲ್ಲರೆ. ಆದರೆ ದಿನದ ಒಂದೂವರೆಯಲ್ಲಿ ಅರ್ಧವೇ ಖರ್ಚಾದರೆ ಮಿಕ್ಕಿದ್ದು ರಾತ್ರಿ ಹನ್ನೆರಡಕ್ಕೆ ಆವಿ. ಮಾಚೇನಹಳ್ಳಿ ಕಡೆ ಗಾರ್ಮೆಂಟ್ಸ್ ಕೆಲಸಕ್ಕೆ ಬೆಳಿಗ್ಗೆ ಬಸ್ಸು ಹತ್ತುವ ಹೆಣ್ಣುಮಗಳು ಸಂಜೆ ಮನೆಗೆ ಬಂದು, ಅಡಿಗೆ ಮುಗಿಸಿ, ಮಲಗುವ ಮುಂಚೆ ಎಷ್ಟು ಡೇಟಾ ಸುಟ್ಟಾಳು? ದಿನಕ್ಕೆ ಅರ್ಧ ಜಿಬಿ ಎಂದಿಟ್ಟುಕೊಂಡರೆ ಅವಳು ಬಳಸಿದ್ದು 14 ಜಿಬಿ, ಕೊಟ್ಟಿದ್ದು 299. ಜಿಬಿಗೆ 21 ರೂಪಾಯಿ ಬಿತ್ತು. ಸಂತೆಯಲ್ಲಿ ಅರ್ಧ ಕೇಜಿ ಟೊಮೇಟೊ ಕೇಳಿದರೆ ಅರ್ಧ ಕೇಜಿ ಕೊಡುತ್ತಾರೆ; ಒಂದೂವರೆ ಕೇಜಿ ತೂಗಿ, ದುಡ್ಡು ತಗೊಂಡು, ಒಂದು ಕೇಜಿಯನ್ನು ಚರಂಡಿಗೆ ಸುರಿಯುವುದಿಲ್ಲ.

ಡೇಟಾ ವಿಚಾರ ಹಾಗಿರಲಿ. ಅಸಲು ಗಂಟಿರುವುದು ಡೇಟಾ ಬೇಡದವರ ಕೊರಳಿಗೆ.

1995ರ ಜುಲೈ 31ರಂದು ಜ್ಯೋತಿ ಬಸು ಅವರು ಕಲ್ಕತ್ತೆಯಿಂದ ದೆಹಲಿಯ ಸುಖರಾಂ ಅವರಿಗೆ ದೇಶದ ಮೊದಲ ಮೊಬೈಲ್ ಕರೆ ಮಾಡಿದ ಕಾಲದಲ್ಲಿ ಕರೆ ಮಾಡಿದವನೂ ದುಡ್ಡು ಕೊಡಬೇಕಿತ್ತು, ಕರೆ ತಗೊಂಡವನೂ ಕೊಡಬೇಕಿತ್ತು. 2003ರ ಮೇ ತಿಂಗಳಿಂದ ಒಳಬರುವ ಕರೆ ಪುಕ್ಕಟೆಯಾಯಿತು. ಮೊಬೈಲು ಸಾಮಾನ್ಯರ ಕೈಗೆ ಬಂದದ್ದೇ ಆಮೇಲೆ. 2005ರ ಕೊನೆಗೆ 999 ರೂ. ಕೊಟ್ಟರೆ ಜೀವಮಾನವಿಡೀ ಒಳಬರುವ ಕರೆ ಎಂದು ಡಂಗುರ ಹೊಡೆದರು. ಜೀವಮಾನ ಎಂದರೆ ಯಾರದು ಎಂದು ಆಗ ಯಾರೂ ಕೇಳಲಿಲ್ಲ. 2018ರ ಕೊನೆಗೆ ಏರ್‌ಟೆಲ್, ವೊಡಾಫೋನ್ ಐಡಿಯಾ ಎರಡೂ 28 ದಿನಕ್ಕೆ ಕನಿಷ್ಠ 35 ರೂ. ಹಾಕಿಸದಿದ್ದರೆ ಲೈನು ನಿಲ್ಲುತ್ತದೆ ಎಂದು ಹೊಸ ರಾಗ ತೆಗೆದವು. ಖಾತೆಯಲ್ಲಿ ದುಡ್ಡಿರುವವರ ಲೈನು ತೆಗೆಯಬೇಡಿ ಎಂದು ಟ್ರಾಯ್ ಗದರಿಸಿಯೂ ಆಯಿತು.

ಅಲ್ಲಿಂದ ಏಣಿ ಹತ್ತಿದ್ದು ನೋಡಿ. ಏರ್‌ಟೆಲ್ಲಿನ ಅತಿ ಕಡಿಮೆ ಪ್ಯಾಕು 2021ರ ಜುಲೈವರೆಗೆ 49 ರೂ. ಆ ತಿಂಗಳ ಕೊನೆಗೆ 79. ಅದೇ ವರ್ಷ ನವೆಂಬರಿನಲ್ಲಿ 99. 2023ರ ಜನವರಿಯಲ್ಲಿ ನಮ್ಮ ಕರ್ನಾಟಕ ವಲಯದಲ್ಲಿ 155, ಅದೂ 24 ದಿನಕ್ಕೆ. 2024ರ ಜುಲೈನಲ್ಲಿ 28 ದಿನಕ್ಕೆ 199. ಮೂರೇ ವರ್ಷದಲ್ಲಿ ನಾಲ್ಕು ಪಟ್ಟು! 49ರಲ್ಲಿ ಮೂವತ್ತೆಂಟು ರೂಪಾಯಿ ಚಿಲ್ಲರೆ ಮಾತಿತ್ತು, 199ರಲ್ಲಿ ಬೇಕಾದಷ್ಟು ಮಾತು, ಮೇಲೆ 2 ಜಿಬಿ ಡೇಟಾ ಇದೆ, ಹೋಲಿಸಬೇಡಿ ಎನ್ನುತ್ತಾರೆ. ಒಪ್ಪೋಣ. ಆದರೆ ಹೊಸನಗರದ ಕಡೆ ಒಂಟಿ ಮನೆಯಲ್ಲಿರುವ ಅಜ್ಜಿ ಯಾರಿಗೂ ಫೋನು ಮಾಡುವುದಿಲ್ಲ. ಬೆಂಗಳೂರಿನ ಮಗ ಭಾನುವಾರ ಮಾಡುತ್ತಾನೆ, ಪೆನ್ಷನ್ ಬಂದರೆ ಬ್ಯಾಂಕಿನ ಮೆಸೇಜು ಬರುತ್ತದೆ, ಆಧಾರ್ ಕೆಲಸಕ್ಕೆ ಹೋದರೆ ಒಟಿಪಿ ಬರುತ್ತದೆ. ಕೀಲಿಮಣೆ ಫೋನಿನಲ್ಲಿ 2 ಜಿಬಿ ಇಟ್ಟುಕೊಂಡು ಅವರು ಏನು ಮಾಡಬೇಕು? ಉಪ್ಪಿನಕಾಯಿ ಹಾಕಬೇಕೇ? 2003ರಲ್ಲಿ ಪುಕ್ಕಟೆಯಾದ ಒಳಬರುವ ಕರೆಗೆ ಅವರು ಈಗ ದಿನಕ್ಕೆ ಏಳು ರೂಪಾಯಿ ಬಾಡಿಗೆ ಕಟ್ಟುತ್ತಿದ್ದಾರೆ.

ಇಂಥವರು ಒಬ್ಬಿಬ್ಬರಲ್ಲ. ಬರೀ ಮಾತಿನ ಫೋನು ಇಟ್ಟುಕೊಂಡವರು ದೇಶದಲ್ಲಿ ಸುಮಾರು 15 ಕೋಟಿ ಎಂದು ಟ್ರಾಯ್ ತಾನೇ ಲೆಕ್ಕ ಕೊಟ್ಟಿತು. ಕೊಟ್ಟು, 2024ರ ಡಿಸೆಂಬರಿನಲ್ಲಿ ಒಂದು ಒಳ್ಳೆಯ ಕೆಲಸವನ್ನೂ ಮಾಡಿತು. ಡೇಟಾ ಇಲ್ಲದ, ಬರೀ ಮಾತು ಮತ್ತು ಎಸ್ಸೆಮ್ಮೆಸ್ಸಿನ ಪ್ಯಾಕನ್ನು ಪ್ರತಿ ಕಂಪನಿಯೂ ಕೊಡಲೇಬೇಕು ಎಂದು ನಿಯಮ ತಂದಿತು. 2025ರ ಜನವರಿಯಲ್ಲಿ ಪ್ಯಾಕುಗಳು ಬಂದವು. ಮೊದಲು ಇಟ್ಟ ದರಕ್ಕೆ ಗಲಾಟೆಯಾಗಿ, ವಾರದೊಳಗೇ ಇಳಿಸಿ, ಜಿಯೋದ್ದು 448ಕ್ಕೆ, ಏರ್‌ಟೆಲ್ಲಿನದು 469ಕ್ಕೆ ನಿಂತಿತು. ಎರಡೂ 84 ದಿನಕ್ಕೆ. ಇನ್ನೂ ಉದ್ದದ್ದು ಬೇಕೆಂದರೆ ಜಿಯೋದಲ್ಲಿ 336 ದಿನಕ್ಕೆ 1,748, ಏರ್‌ಟೆಲ್ಲಿನಲ್ಲಿ 365 ದಿನಕ್ಕೆ 1,849.

28 ದಿನದ್ದೋ? ಅದು ಬರಲೇ ಇಲ್ಲ.

ನಮ್ಮ ತಕರಾರು ಇರುವುದೇ ಇಲ್ಲಿ. 469ನ್ನು 84 ದಿನಕ್ಕೆ ಹಂಚಿದರೆ ದಿನಕ್ಕೆ 5 ರೂ. 58 ಪೈಸೆ. ವರ್ಷದ 1,849ರಲ್ಲಿ ದಿನಕ್ಕೆ 5 ರೂ. 7 ಪೈಸೆ. 28 ದಿನದ 199ರಲ್ಲಿ 7 ರೂ. 11 ಪೈಸೆ. ಅಂದರೆ ಒಂದೇ ಸಲ ಸಾವಿರದೆಂಟುನೂರು ಎಣಿಸಬಲ್ಲವನಿಗೆ ಐದು ರೂಪಾಯಿ, ಇನ್ನೂರಕ್ಕೇ ಉಸಿರು ಬಿಡುವವನಿಗೆ ಏಳು. ವರ್ಷಕ್ಕೆ 745 ರೂಪಾಯಿ ವ್ಯತ್ಯಾಸ. ಎಪಿಎಂಸಿಯಲ್ಲಿ ಮೂಟೆ ಹೊರುವವನಿಗೆ ದಿನದ ಕೂಲಿ ದಿನಕ್ಕೆ ಸಿಕ್ಕುತ್ತದೆ. ಅವನು 84 ದಿನದ ದುಡ್ಡನ್ನು ಒಟ್ಟಿಗೆ ಎಲ್ಲಿಂದ ತರಬೇಕು? ಕಾಫಿಪುಡಿಯನ್ನೂ ಶ್ಯಾಂಪುವನ್ನೂ ಪೊಟ್ಟಣದಲ್ಲಿ ಮಾರಿ ಬಡವನ ಮನೆ ಹೊಕ್ಕ ವ್ಯಾಪಾರಸ್ಥರ ನಾಡಿದು. ಮಾತಿನ ಪೊಟ್ಟಣ ಮಾತ್ರ ಯಾಕೆ ಕಟ್ಟಲಾಗದು?

ಗೃಹಲಕ್ಷ್ಮಿಯ ದುಡ್ಡನ್ನೇ ತಗೊಳ್ಳಿ. 2023ರ ಆಗಸ್ಟಿನಲ್ಲಿ ಶುರುವಾದ ಯೋಜನೆ, ಮನೆಯೊಡತಿಗೆ ತಿಂಗಳಿಗೆ 2,000 ರೂ. ಮನೆಯಲ್ಲಿ ಗಂಡನದೊಂದು, ಕಾಲೇಜಿಗೆ ಹೋಗುವ ಮಗನದೊಂದು 299ರ ಫೋನು, ಅವಳದೊಂದು 199ರದ್ದು ಎಂದರೆ 797 ಆಯಿತು. ಎರಡು ಸಾವಿರದ ಐದು ಪಾಲಿನಲ್ಲಿ ಎರಡು ಪಾಲು ಗೋಡೆಯ ಪೋಸ್ಟರಿಗೇ ಹೋಯಿತು. ಇದರ ಮೇಲೆ ಕೆಲವು ಹಣ ಪಾವತಿ ಆ್ಯಪ್‌ಗಳು ರೀಚಾರ್ಜಿಗೆ ಒಂದೋ ಮೂರೋ ರೂಪಾಯಿ ಶುಲ್ಕ ಕೀಳುತ್ತವೆ. ಅಂಗಡಿಯಲ್ಲಿ ಹಾಕಿಸಿದರೆ ಅದಿಲ್ಲ, ಅಂಗಡಿಯವನಿಗೂ ನಾಲ್ಕು ಕಾಸು.

ಅಗ್ಗದ್ದು ಇಲ್ಲವೇ ಇಲ್ಲ ಎಂದಲ್ಲ. 2023ರ ಜುಲೈನಲ್ಲಿ ಜಿಯೋ 999 ರೂಪಾಯಿಗೆ ಜಿಯೋಭಾರತ್ ಎಂಬ ಕೀಲಿಮಣೆ ಫೋನು ತಂದು, ಅದಕ್ಕೆ 28 ದಿನಕ್ಕೆ 123 ರೂ. ಪ್ಯಾಕು ಇಟ್ಟಿತು. ದಿನಕ್ಕೆ ನಾಲ್ಕೂವರೆಗಿಂತ ಕಡಿಮೆ. ಲೆಕ್ಕ ಚೆನ್ನಾಗಿದೆ. ಆದರೆ ಆ ಫೋನಿಗೆ ಬೇರೆ ಕಂಪನಿಯ ಸಿಮ್ಮು ಹಾಕಿದರೆ ನಡೆಯದು. ಅಗ್ಗದ ಹಗ್ಗ, ಆದರೂ ಹಗ್ಗವೇ.

ಕಂತಿನ ಫೋನಿನದು ಇನ್ನೊಂದು ಬಗೆಯ ಹಗ್ಗ. ನೆಹರೂ ರಸ್ತೆಯುದ್ದಕ್ಕೂ ‘ಬಡ್ಡಿಯೇ ಇಲ್ಲ’ ಎಂಬ ಬೋರ್ಡು. ಬಡ್ಡಿಯೇ ಇಲ್ಲದ ಸಾಲ ಎಂಬುದಿಲ್ಲ ಎಂದು ರಿಸರ್ವ್ ಬ್ಯಾಂಕು 2013ರ ಸೆಪ್ಟೆಂಬರಿನಲ್ಲೇ ಬ್ಯಾಂಕುಗಳಿಗೆ ಬರೆದು ತಿಳಿಸಿದೆ. 12,000 ರೂಪಾಯಿ ಫೋನು ನಗದಿಗಾದರೆ ಚೌಕಾಸಿ ಮಾಡಿ 11,400ಕ್ಕೆ ಸಿಕ್ಕುತ್ತದೆ ಎಂದಿಟ್ಟುಕೊಳ್ಳಿ. ಕಂತಿಗಾದರೆ ಪೂರಾ 12,000, ಮೊದಲೇ 500 ಪ್ರೊಸೆಸಿಂಗ್ ಶುಲ್ಕ, ಆಮೇಲೆ ತಿಂಗಳಿಗೆ 1,200ರಂತೆ ಹತ್ತು ಕಂತು. ಕೂಡಿ ಕಳೆದು ನೋಡಿದರೆ ವರ್ಷಕ್ಕೆ ಶೇಕಡಾ 21ರ ಹತ್ತಿರದ ಬಡ್ಡಿಯಾಯಿತು. 2024ರ ಅಕ್ಟೋಬರ್ 1ರಿಂದ ಇಂಥ ಸಾಲಗಳಿಗೆಲ್ಲ ಶುಲ್ಕವೂ ಸೇರಿದ ವಾರ್ಷಿಕ ಬಡ್ಡಿದರ ನಮೂದಿಸಿದ ಒಂದು ವಿವರಪಟ್ಟಿ ಕೊಡಬೇಕು. ಅದು ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿರಬೇಕು ಎಂಬುದೂ ನಿಯಮ. ಕನ್ನಡದಲ್ಲಿ ಕೊಡಿ ಎಂದು ಕೇಳಿ. ಕೇಳಿದವರ ಮುಖವನ್ನು ಮಾರುವ ಹುಡುಗ ಮೇಲಿಂದ ಕೆಳಗೆ ನೋಡಿಯಾನು, ನೋಡಲಿ.

ಸರಿ, ದರ ಹೆಚ್ಚಾಯಿತೇ, ಕಂಪನಿ ಬದಲಿಸಿ ಎನ್ನುವವರಿದ್ದಾರೆ. ನಂಬರು ಉಳಿಸಿಕೊಂಡು ಕಂಪನಿ ಬದಲಿಸುವ ಸೌಲಭ್ಯ 2011ರ ಜನವರಿಯಿಂದ ದೇಶಕ್ಕೆಲ್ಲ ಇದೆ. 1900ಕ್ಕೆ ಒಂದು ಮೆಸೇಜು ಕಳಿಸಿದರೆ ಶುರು. 2024ರ ಜುಲೈನಲ್ಲಿ ಖಾಸಗಿಯವರೆಲ್ಲ ಒಟ್ಟಿಗೇ ದರ ಏರಿಸಿ ಬಿಎಸ್ಸೆನ್ನೆಲ್ ಏರಿಸದೆ ಕೂತಾಗ, ಆ ಒಂದೇ ತಿಂಗಳಲ್ಲಿ ಅದಕ್ಕೆ 29 ಲಕ್ಷದಷ್ಟು ಗಿರಾಕಿ ಹೆಚ್ಚಿದರು. ಜನಕ್ಕೆ ಲೆಕ್ಕ ಬರುವುದಿಲ್ಲ ಎಂದವರು ಯಾರು? ಆದರೆ ಬದಲಿಸುವ ಸುಖ ಗೋಪಿ ಸರ್ಕಲ್ಲಿನಲ್ಲಿ ನಿಂತವನದು. ನಾಲ್ಕು ಕಂಪನಿಯ ಸಿಗ್ನಲ್ಲೂ ಅವನಿಗುಂಟು. ಘಟ್ಟದ ಸೆರಗಿನ ಹಳ್ಳಿಯಲ್ಲಿ ಒಂದು ಟವರು, ಒಂದು ಕಂಪನಿ, ಅದೂ ಕರೆಂಟು ಇದ್ದರೆ. ಕೊರೊನಾ ಕಾಲದಲ್ಲಿ ಮಕ್ಕಳು ಪಾಠಕ್ಕೆಂದು ಗುಡ್ಡ ಹತ್ತಿದ್ದೂ, 2021ರಲ್ಲಿ ಮಲೆನಾಡಿನ ಹಳ್ಳಿಯವರು ನೆಟ್‌ವರ್ಕ್ ಇಲ್ಲದಿದ್ದರೆ ವೋಟೂ ಇಲ್ಲ ಎಂದು ಬೋರ್ಡು ಹಿಡಿದದ್ದೂ ನಮ್ಮ ಜಿಲ್ಲೆ ಮರೆತಿಲ್ಲ. ಬಿಎಸ್ಸೆನ್ನೆಲ್ಲಿನ ಸ್ವದೇಶಿ 4ಜಿಯನ್ನು 2025ರ ಸೆಪ್ಟೆಂಬರ್ 27ರಂದು ಪ್ರಧಾನಿಗಳು ಉದ್ಘಾಟಿಸಿದರು, ಸಂತೋಷ. ಅದು ಮಲೆನಾಡಿನ ಮೂಲೆ ಮೂಲೆಗೂ ಗಟ್ಟಿಯಾಗಿ ಸಿಕ್ಕಿದರೆ ಬೇರೆಯವರ ದರಪಟ್ಟಿ ತಾನಾಗಿ ಮೆತ್ತಗಾದೀತು. ಅಲ್ಲಿಯವರೆಗೆ ಹೋಲಿಕೆ ಮಾಡುವುದೆಂಬುದು ಪೇಟೆಯವರ ಹಕ್ಕು. ಹಳ್ಳಿಯವನು ಸಿಕ್ಕಿದ ಸಿಗ್ನಲ್ಲಿಗೆ ಕೇಳಿದಷ್ಟು ಕೊಡುವವನು.

ಊರೊಳಗೆ ಮಾಡಬಹುದಾದದ್ದು ಒಂದಿದೆ. ಗಾಂಧಿ ಬಜಾರಿನಿಂದ ಬಿ.ಎಚ್. ರಸ್ತೆಯವರೆಗಿನ ಅಂಗಡಿಯವರು ಕಂಪನಿ ಕಳಿಸಿದ ಪೋಸ್ಟರಿನ ಪಕ್ಕದಲ್ಲಿ ಒಂದು ಹಲಗೆ ತೂಗುಹಾಕಿ, ಪ್ರತಿ ಪ್ಯಾಕಿನ ಎದುರು ದಿನಕ್ಕೆ ಎಷ್ಟು ಬೀಳುತ್ತದೆ ಎಂದು ಸೀಮೆಸುಣ್ಣದಲ್ಲಿ ಬರೆದಿಡಲಿ. ದರ ಬದಲಾದಾಗ ಒರೆಸಿ ಬರೆದರಾಯಿತು. ಆ ಹಲಗೆ ಇರುವ ಅಂಗಡಿಗೆ ಗಿರಾಕಿ ಹೆಚ್ಚುತ್ತಾರೋ ಕಡಿಮೆಯಾಗುತ್ತಾರೋ, ಒಂದು ತಿಂಗಳು ನೋಡಲಿ. ತಿಂಗಳೆಂದರೆ ಮೂವತ್ತು ದಿನದ ತಿಂಗಳು.

ಮಿಕ್ಕಿದ್ದು ದೆಹಲಿಯ ಕೆಲಸ. ದೂರಸಂಪರ್ಕ ಕೇಂದ್ರದ ಬಾಬತ್ತು, ಜಿಲ್ಲಾಧಿಕಾರಿಗಳ ಕಚೇರಿ ಮುಂದೆ ಧರಣಿ ಕೂತು ಪ್ರಯೋಜನವಿಲ್ಲ. ನಮ್ಮ ಸಂಸದರು ಮುಂದಿನ ಅಧಿವೇಶನದಲ್ಲಿ ಚುಕ್ಕೆ ಗುರುತಿನ ಒಂದೇ ಒಂದು ಪ್ರಶ್ನೆ ಹಾಕಲಿ: ಬರೀ ಮಾತನ್ನು 84 ದಿನಕ್ಕೆ 448ಕ್ಕೆ ಕೊಡಲು ಒಪ್ಪಿದ ಕಂಪನಿಗೆ, ಅದರ ಮೂರನೇ ಒಂದು ಪಾಲನ್ನು 28 ದಿನಕ್ಕೆ 150 ರೂಪಾಯಿಯಂತೆ ಮಾರಲು ಇರುವ ಅಡ್ಡಿ ಏನು? ಮಂತ್ರಿಗಳು ಕೊಡುವ ಉತ್ತರವನ್ನು ಈ ಅಂಕಣದಲ್ಲಿ ಅಕ್ಷರ ಬಿಡದೆ ಅಚ್ಚು ಹಾಕುತ್ತೇವೆ.