ಗಂಟಿಲ್ಲದ ಹೊಲಿಗೆಯ ಗಣಿತ

‘ಹುಡುಗಿಗೆ ಲೆಕ್ಕ ತಲೆಗೆ ಹತ್ತುವುದಿಲ್ಲ, ಹತ್ತನೆಯ ತರಗತಿ ಮುಗಿಸಿ ಹೊಲಿಗೆ ಕಲಿಯಲಿ.’ ತಾಂಬಾ, ಇಂಡಿ, ಸಿಂದಗಿಯ ಕಡೆಯ ನಮ್ಮ ಮನೆಗಳಲ್ಲಿ ಈ ಮಾತು ಬಹು ಸುಲಭವಾಗಿ ಹೊರಬೀಳುತ್ತದೆ. ಲೆಕ್ಕವೇ ಬೇರೆ, ಹೊಲಿಗೆಯೇ ಬೇರೆ ಎಂಬ ಭಾವನೆ ಇದರ ಮೂಲ. ಆ ಭಾವನೆ ಸರಿಯಲ್ಲವೆಂಬುದಕ್ಕೆ ಉತ್ತರ ಕರ್ನಾಟಕದ ಕಸೂತಿಯೇ ಸಾಕ್ಷಿ.

ಧಾರವಾಡದ ಸೀಮೆಯಲ್ಲಿ ಬೆಳೆದು ಇಳಕಲ್ಲ ಸೀರೆಯ ಮೇಲೆ ಮೆರೆದ ಈ ಕಲೆಯಲ್ಲಿ ಬಟ್ಟೆಯ ಮೇಲೆ ಮೊದಲು ಚಿತ್ರ ಬರೆದುಕೊಳ್ಳುವ ಪದ್ಧತಿಯಿಲ್ಲ. ಹಾಸು-ಹೊಕ್ಕಿನ ಎಳೆಗಳನ್ನು ಎಣಿಸುತ್ತಲೇ ಸೂಜಿ ಮುಂದೆ ಸಾಗಬೇಕು. ಗಂಟು ಹಾಕುವಂತಿಲ್ಲ. ಗವಂತಿ, ಮುರ್ಗಿ, ನೇಯ್ಗೆ, ಮೆಂತೆ ಎಂಬ ನಾಲ್ಕು ಹೊಲಿಗೆಗಳಲ್ಲಿ ಮೊದಲೆರಡು ಬಟ್ಟೆಯ ಎರಡೂ ಮಗ್ಗುಲಲ್ಲಿ ಒಂದೇ ರೀತಿ ಕಾಣಬೇಕು. ಗವಂತಿಯಲ್ಲಿ ಸೂಜಿ ಹೋಗುವಾಗ ಒಂದು ಹೊಲಿಗೆ ಮೇಲೆ, ಒಂದು ಕೆಳಗೆ ಬೀಳುತ್ತದೆ. ಅದೇ ದಾರಿಯಲ್ಲಿ ಹಿಂದಿರುಗುವಾಗ ಬಿಟ್ಟ ಜಾಗಗಳು ತುಂಬುತ್ತವೆ. ಕವಲು ಎದುರಾದರೆ ಅದರ ತುದಿಯವರೆಗೆ ಹೋಗಿ, ಮರಳಿ ಬಂದು, ಮುಂದಿನ ದಾರಿ ಹಿಡಿಯಬೇಕು.

ಎಲ್ಲ ಗೆರೆಗಳೂ ಒಂದಕ್ಕೊಂದು ಕೂಡಿದ್ದರೆ, ಚಿತ್ರವು ಗೋಪುರವಿರಲಿ, ನವಿಲಿರಲಿ, ಈ ಕ್ರಮದಲ್ಲಿ ಸೂಜಿ ಹೊರಟ ಸ್ಥಳಕ್ಕೇ ಬಂದು ನಿಲ್ಲಬಲ್ಲದು. ಕಾರಣವಿಷ್ಟೆ: ಪ್ರತಿಯೊಂದು ಗೆರೆಯನ್ನೂ ದಾರವು ಎರಡು ಸಲ ಕ್ರಮಿಸುವುದರಿಂದ, ಗೆರೆಗಳು ಸೇರುವ ಪ್ರತಿ ಬಿಂದುವಿನಲ್ಲಿಯೂ ಹೋಗಿಬರುವ ದಾರಿಗಳ ಒಟ್ಟು ಎಣಿಕೆ ಸಮಸಂಖ್ಯೆಯಾಗುತ್ತದೆ. ಆಯ್ಲರನೆಂಬ ಗಣಿತಜ್ಞನು 1736ರಲ್ಲಿ ಕೋನಿಗ್ಸ್‌ಬರ್ಗ್ ಪಟ್ಟಣದ ಏಳು ಸೇತುವೆಗಳ ಪ್ರಶ್ನೆಯನ್ನು ಬಿಡಿಸಿದ್ದು ಇದೇ ಸಮ-ಬೆಸದ ವಿಚಾರದಿಂದ. ಅಲ್ಲಿ ಪ್ರತಿ ಸೇತುವೆಯನ್ನು ಒಂದೇ ಸಲ ದಾಟಬೇಕಿತ್ತು, ಆದ್ದರಿಂದ ಅದು ಅಸಾಧ್ಯವೆನಿಸಿತು. ಕಸೂತಿಯವಳು ಎರಡು ಸಲ ದಾಟುತ್ತಾಳೆ, ದಾರಿ ತೆರೆಯುತ್ತದೆ.

ಆಕೆ ಅದನ್ನು ಅಭ್ಯಾಸದಿಂದ ಮಾಡುತ್ತಾಳೆಯೇ ಹೊರತು ಪ್ರಮೇಯ ತಿಳಿದು ಅಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು. ಆಕ್ಷೇಪ ನ್ಯಾಯವಾದುದೇ. ಆದರೆ ಗಣಿತದ ಹೊಸ್ತಿಲ ಮೇಲೆ ನಿಂತವಳನ್ನು ಒಳಗೆ ಕರೆಯುವ ಬದಲು ‘ನಿನಗಿದು ಬಾರದು’ ಎಂದು ಹಿಂದೆ ಕಳಿಸುವುದು ಯಾವ ನ್ಯಾಯ?

ವಿಜಯಪುರಕ್ಕೆ ಹೋದಾಗ ಗೋಲಗುಮ್ಮಟದ ಒಳಗೆ ತಲೆಯೆತ್ತಿ ನೋಡುತ್ತೇವೆ. ಒಂದರ ಮೇಲೊಂದು ತಿರುಗಿಸಿಟ್ಟ ಎರಡು ಚೌಕಗಳು ಎಂಟು ಮೂಲೆಯ ನಕ್ಷತ್ರವಾಗಿ, ಹೆಣೆದುಕೊಂಡ ಕಮಾನುಗಳಾಗಿ ಆ ಭಾರವನ್ನು ಹೊತ್ತಿವೆ. ಅದು ಗಣಿತವೆಂದು ಒಪ್ಪಲು ಯಾರಿಗೂ ಸಂಕೋಚವಿಲ್ಲ. ಅಲ್‌ಖ್ವಾರಿಝ್ಮಿಯ ಹೆಸರು ಹೇಳಿ ಸಭೆಗಳಲ್ಲಿ ಎದೆಯುಬ್ಬಿಸುವವರೂ ಬಹಳ ಜನ. (ಬೀಜಗಣಿತಕ್ಕೆ ಪಶ್ಚಿಮದವರಿಟ್ಟ ಹೆಸರು ಅವರ ಗ್ರಂಥದಿಂದಲೇ ಬಂದುದೆಂಬ ಮಾತು ಆ ಭಾಷಣಗಳಲ್ಲಿ ತಪ್ಪುವುದಿಲ್ಲ.) ಕಲ್ಲಿನಲ್ಲಿದ್ದಾಗ ವಿದ್ಯೆಯೆನಿಸಿದ್ದು ತಾಯಂದಿರ ಬಟ್ಟೆಯಲ್ಲಿ ಬರೀ ಕಾಲಹರಣವೆನಿಸುವುದೇಕೆ?

ಜಮಾಅತಿನ ನೆರವಿನಿಂದ ಹೊಲಿಗೆ ತರಗತಿ ನಡೆಸುವವರಲ್ಲಿ ನಮ್ಮದೊಂದು ವಿನಂತಿಯಿದೆ. ವಾರಕ್ಕೊಂದು ಗಂಟೆ ಗಣಿತದ ಶಿಕ್ಷಕಿಯೊಬ್ಬರನ್ನು ಕರೆಯಿಸಿರಿ. ಚೌಕುಳಿ ಕಾಗದ ಕೊಟ್ಟು, ಕಸೂತಿಯ ಒಂದು ಚಿತ್ರವನ್ನು ಹುಡುಗಿಯರಿಂದಲೇ ಬರೆಯಿಸಿರಿ. ಬೆಸ ಸಂಖ್ಯೆಯ ಗೆರೆಗಳು ಸೇರುವ ಬಿಂದುಗಳನ್ನು ಅವರೇ ಎಣಿಸಲಿ. ಅವು ಎರಡಕ್ಕಿಂತ ಹೆಚ್ಚಿದ್ದರೆ ಪೆನ್ಸಿಲ್ ಎತ್ತದೆ, ಗೆರೆಯ ಮೇಲೆ ಗೆರೆ ಎಳೆಯದೆ ಚಿತ್ರ ಮುಗಿಯದೆಂದು ಅವರಿಗೇ ತಿಳಿಯುತ್ತದೆ. ಪಾಲಕರಲ್ಲಿ ಕೇಳುವುದು ಇನ್ನೂ ಚಿಕ್ಕದು: ಪಿಯುಸಿಗೆ ಯಾವ ವಿಷಯವೆಂದು ನೀವೇ ನಿರ್ಧರಿಸುವ ಮೊದಲು, ಆಕೆ ಹೊಲಿದ ಬಟ್ಟೆಯನ್ನೊಮ್ಮೆ ತಿರುಗಿಸಿ ಹಿಂಬದಿಯನ್ನು ನೋಡಿರಿ, ಆಮೇಲೆ ಆಕೆಯನ್ನೇ ಕೇಳಿರಿ.